ರೋಮಿನಲ್ಲಿ ನಾಲ್ಕನೆಯ ದಿನ

ದೆವ್ವ, ಶಕುನ, ಹಿಂದಿನ ಜನ್ಮ ಎಂದು ಯಾರಾದರೂ ಮಾತು ತೆಗೆದರೆ ನಾನು ಎದ್ದು ಅಡುಗೆಮನೆಗೆ ಹೋಗುತ್ತಿದ್ದೆ. ಹೆದರಿಕೆಯಿಂದಲ್ಲ, ನಗು ತಡೆಯಲು ಆಗುತ್ತಿರಲಿಲ್ಲ. ಅಂಥವಳು ಈಗ ಇದನ್ನು ಬರೆಯಲು ಕುಳಿತಿದ್ದೇನೆ. ನೀವು ನಕ್ಕರೆ ಬೇಸರವಿಲ್ಲ, ನಿಮ್ಮ ಜಾಗದಲ್ಲಿದ್ದರೆ ನಾನೂ ನಗುತ್ತಿದ್ದೆ. ಆದರೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇದರಲ್ಲಿ ನನ್ನ ಹೊಟ್ಟೆಕಿಚ್ಚಿನ ವಿಷಯ ಬಹಳ ಬರುತ್ತದೆ. ಅದನ್ನು ಮುಚ್ಚಿಟ್ಟರೆ ಹೇಳುವುದಕ್ಕೆ ಏನೂ ಉಳಿಯುವುದಿಲ್ಲ, ಆದ್ದರಿಂದ ಸಹಿಸಿಕೊಳ್ಳಬೇಕು.

ದೋಹಾದ ಅಲ್ ಮನ್ಸೂರಾದಲ್ಲಿ ಒಂದು ಸಣ್ಣ ಟ್ರಾವೆಲ್ ಆಫೀಸಿದೆ. ಕೆಳಗೆ ಕೇರಳದವರ ಹೋಟೆಲು, ಮೇಲೆ ನಾವು. ಹದಿನಾರು ವರ್ಷದಿಂದ ನಾನು ಅಲ್ಲಿದ್ದೇನೆ. ಯುರೋಪಿಗೆ ಹೋಗುವವರ ವೀಸಾ ಫೈಲು ಸಿದ್ಧಮಾಡುವುದು ನನ್ನ ಕೆಲಸ. ಕಂಪನಿಯ ಪತ್ರ, ವಿಮೆ, ಹೋಟೆಲ್ ಬುಕಿಂಗ್, ಇವುಗಳ ಜೊತೆ ಯಾವ ದಿನ ಎಲ್ಲಿಗೆ ಹೋಗುತ್ತೀರಿ ಎಂಬ ದಿನವಾರು ಪಟ್ಟಿಯೊಂದನ್ನು ಇಡಬೇಕು. ಎಂಬಸಿಯವರು ಅದನ್ನೊಮ್ಮೆ ನೋಡಿದರೆ ಮುಗಿಯಿತು. ಹೋದವರು ಪಟ್ಟಿಯನ್ನು ಮರೆತು ತಮಗೆ ಬೇಕಾದಲ್ಲಿ ಸುತ್ತಿ ಬರುತ್ತಾರೆ. ಆದರೂ ನಾನು ಅದನ್ನು ಶ್ರದ್ಧೆಯಿಂದ ಬರೆಯುತ್ತೇನೆ.

ಮೊದಲ ಸಲ ರೋಮಿಗೆ ಹೋಗುವವರಿಗೆ ಹೇಳುವ ಬುದ್ಧಿಮಾತಂತೂ ನನಗೆ ಬಾಯಿಪಾಠ. ಕಾಲಿಗೆ ಹಳೆಯ ಬೂಟೇ ಇರಲಿ, ಹೊಸದು ಬೇಡ. ಚೀಲ ಬೆನ್ನಿಗಲ್ಲ, ಎದೆಗೆ. ಬಸ್ಸು ಹತ್ತಿದ ಕೂಡಲೇ ಟಿಕೆಟ್ಟಿಗೆ ಯಂತ್ರದಲ್ಲಿ ಗುರುತು ಹಾಕಿಸಿಕೊಳ್ಳಿ, ಇಲ್ಲದಿದ್ದರೆ ದಂಡ ತಪ್ಪದು. ನೀರಿನ ಬಾಟಲಿ ಕೊಳ್ಳಬೇಡಿ, ಬೀದಿಬೀದಿಗೆ ನಲ್ಲಿ ಇದೆ. ಚರ್ಚಿನೊಳಗೆ ಭುಜ ಮುಚ್ಚಿರಬೇಕು. ಕಾಫಿ ನಿಂತು ಕುಡಿದರೆ ಅಗ್ಗ, ಕೂತು ಕುಡಿದರೆ ದುಬಾರಿ. ಗುಲಾಬಿ ಹೂ ಹಿಡಿದು ಕೈಗೆ ತುರುಕಲು ಬಂದವರಿಗೆ ಇಲ್ಲಿಯ ಹಾಗೆಯೇ ‘ಮಾಫಿ, ಖಲಾಸ್’, ಏನೂ ಬೇಡ, ಮುಗಿಯಿತು ಎಂದು ಮುಂದೆ ನಡೆಯಿರಿ, ಅವರಿಗೂ ತಿಳಿಯುತ್ತದೆ. ಹೋಗಿ ಬಂದವರು ಸಿಹಿ ಡಬ್ಬಿ ತಂದು, ‘ಮೇಡಂ, ನೀವು ಹೇಳಿದಂತೆಯೇ ಇತ್ತು’ ಎನ್ನುತ್ತಾರೆ. ಇಷ್ಟೆಲ್ಲ ಹೇಳುವ ನಾನು ರೋಮ್ ನೋಡಿಲ್ಲ. ಗದಗ, ಹುಬ್ಬಳ್ಳಿ, ದೋಹಾ ಇಷ್ಟೇ ನನ್ನ ಪ್ರಪಂಚ.

ಒಮ್ಮೆ ಹೋಗಬೇಕಾಗಿತ್ತು. ನನ್ನದು ಮತ್ತು ನಮ್ಮ ಮನೆಯವರದು ಎರಡೂ ಫೈಲುಗಳನ್ನು ನಾನೇ ಮಾಡಿದ್ದೆ. ಅವರಿಗೆ ಇಲ್ಲಿಯ ಬಂದರಿನಲ್ಲಿ ಹೊಸದಾಗಿ ಕ್ರೇನ್ ವಿಭಾಗದ ಕೆಲಸ ಸಿಕ್ಕಿದ ಕಾಲ. ವೀಸಾ ಬಂದಿತ್ತು, ಮೇ ತಿಂಗಳ ಎರಡನೆಯ ವಾರ ಹೊರಡುವುದಿತ್ತು. ಅಷ್ಟರಲ್ಲಿ ಊರಿನಿಂದ ಫೋನ್ ಬಂತು. ಮೈದುನ ವೀರೇಶನ ಮದುವೆಗೆ ಅದೇ ವಾರ ಮುಹೂರ್ತ ಸಿಕ್ಕಿತ್ತು. ಹಿರಿಸೊಸೆ ಇಲ್ಲದೆ ಅರಿಷಿಣ ಹಚ್ಚುವುದು ಹೇಗೆ? ರಜೆ ಇದ್ದದ್ದು ಅಷ್ಟೇ. ರೋಮಿನಲ್ಲಿ ಇರಬೇಕಾದ ದಿನಗಳಲ್ಲಿ ನಾನು ಗದಗಿನ ಕಲ್ಯಾಣಮಂಟಪದಲ್ಲಿ ಬೀಗರಿಗೆ ಹೋಳಿಗೆ ಬಡಿಸುತ್ತಿದ್ದೆ. ಆ ವೀಸಾ ಚೀಟಿ ಹಳೆಯ ಪಾಸ್‌ಪೋರ್ಟಿನಲ್ಲಿ ಹಾಗೇ ಉಳಿಯಿತು. ಮುಂದೆ ಪ್ರತಿ ವರ್ಷವೂ ಒಂದಿಲ್ಲೊಂದು ಅಡ್ಡಿ ಬಂತು.

ಹೋಗಲಾರದವಳು ಮನಸ್ಸಿನಲ್ಲಾದರೂ ಹೋಗಬೇಕಲ್ಲ. ಕೆಲಸ ಬೇಸರವಾದಾಗ ನಾನು ಒಂದು ಜಾಗಕ್ಕೆ ಹೋಗುತ್ತಿದ್ದೆ. ಅದು ಯಾವ ಪುಸ್ತಕದಲ್ಲೂ ಇಲ್ಲ, ನಾನೇ ಕಟ್ಟಿಕೊಂಡದ್ದು. ರೋಮ್ ಸುತ್ತಿ ಕಾಲು ಸೋತಿರುತ್ತದೆ. ಒಂದು ಬಸ್ಸಿನಲ್ಲಿ ಕೊನೆಯ ನಿಲ್ದಾಣದವರೆಗೆ ಹೋಗಿ ಇಳಿಯುತ್ತೇನೆ. ಎದುರಿಗೆ ಕಲ್ಲಿನ ಮೆಟ್ಟಿಲು, ಮೇಲೆ ಹಸಿರು ಗೇಟು, ಒಳಗೆ ಅಂಗಳ. ಅಲ್ಲೊಬ್ಬ ಮುದುಕಿ ಹಸಿ ಅವರೆಕಾಯಿ ಸುಲಿಯುತ್ತ ಕೂತಿದ್ದಾಳೆ. ಅವಳ ಪಕ್ಕದಲ್ಲೊಂದು ಮೂರು ಕಾಲಿನ ಸ್ಟೂಲು, ಅದರ ಒಂದು ಕಾಲಿಗೆ ನೀಲಿ ವೈರು ಸುತ್ತಿದೆ. ಅವಳು ಯಾರು, ಎಲ್ಲಿಂದ ಎಂದು ಏನೂ ಕೇಳದೆ ಸ್ಟೂಲನ್ನು ತಟ್ಟುತ್ತಾಳೆ. ನಾನು ಕೂತು ಅವಳ ಜೊತೆ ಕಾಯಿ ಸುಲಿಯುತ್ತೇನೆ, ಅಷ್ಟೇ. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ಇಂಥದ್ದನ್ನು ಹೇಳಿದರೆ ಯಾರಾದರೂ ಏನೆಂದಾರು?

ಇನ್ನು ರೂಪಾಳ ವಿಷಯ. ಅವಳು ವೀರೇಶನ ಹೆಂಡತಿ, ನನ್ನ ನೆಗೆಣ್ಣಿ. ಓರಗಿತ್ತಿಗೆ ನಮ್ಮ ಕಡೆ ಹಾಗೆನ್ನುತ್ತೇವೆ. ಮದುವೆಯಾಗಿ ಎರಡೇ ವರ್ಷಕ್ಕೆ ವೀರೇಶನಿಗೆ ಇಲ್ಲಿಯ ಗ್ಯಾಸ್ ಪ್ಲಾಂಟಿನಲ್ಲಿ ಸೇಫ್ಟಿ ಆಫೀಸರ್ ಕೆಲಸ ಸಿಕ್ಕಿತು. ಅಬು ಹಮೂರಿನ ಕಾಂಪೌಂಡಿನಲ್ಲಿ ಕಂಪನಿಯ ವಿಲ್ಲಾ, ಈಜುಕೊಳ, ದೊಡ್ಡ ಕಾರು ಎಲ್ಲ ಬಂದವು. ರೂಪಾ ಕೆಟ್ಟವಳಲ್ಲ. ಕೆಟ್ಟವಳಾಗಿದ್ದರೆ ನನಗೆ ಎಷ್ಟು ಅನುಕೂಲವಾಗುತ್ತಿತ್ತು! ಬಾಯಿತುಂಬ ಅಕ್ಕಾರ ಎನ್ನುತ್ತಾಳೆ, ಹಬ್ಬಕ್ಕೆ ನನಗೇ ಮೊದಲು ಸೀರೆ ತರುತ್ತಾಳೆ. ಅವಳ ಮೇಲೆ ಸಿಟ್ಟಾಗಲು ಕಾರಣ ಸಿಗದೆ ನನ್ನ ಹೊಟ್ಟೆ ಇನ್ನಷ್ಟು ಉರಿಯುತ್ತಿತ್ತು.

ಮೂರು ವರ್ಷದ ಹಿಂದೆ ಅವರ ಮದುವೆಗೆ ಹತ್ತು ವರ್ಷ ತುಂಬುವುದಿತ್ತು. ಒಂದು ದಿನ ಇಬ್ಬರೂ ನಮ್ಮ ಆಫೀಸಿಗೆ ಬಂದರು. ರೋಮಿಗೆ ಹೊರಟಿದ್ದರು. ಮೇ ತಿಂಗಳಲ್ಲೇ.

“ಅಕ್ಕಾರ, ಎಲ್ಲಿ ಹೋಗೂದು, ಏನ್ ನೋಡೂದು, ಎಲ್ಲಾ ನೀವ ಬರದ್ ಕೊಡ್ರಿ. ನಿಮ್ಮಷ್ಟು ತಿಳದವ್ರು ಈ ದೋಹಾದಾಗ ಯಾರದಾರ?” ಎಂದಳು ರೂಪಾ.

ಬರೆದದ್ದನ್ನು ಬರೆದ ಹಾಗೆ ಪಾಲಿಸಬೇಕಿಲ್ಲ, ಅದು ಎಂಬಸಿಗೆ ತೋರಿಸಲು ಮಾತ್ರ ಎಂದು ನಾನು ಎಲ್ಲರಿಗೂ ಹೇಳುವಂತೆ ವೀರೇಶನಿಗೂ ಹೇಳಿದೆ. ಅವನು ಒಪ್ಪಲಿಲ್ಲ. ಅವನ ಪ್ಲಾಂಟಿನಲ್ಲಿ ಒಂದು ಬೋಲ್ಟ್ ಬಿಚ್ಚಬೇಕಾದರೂ ಪರ್ಮಿಟ್ ಬೇಕು, ಪರ್ಮಿಟ್ಟಿನಲ್ಲಿ ಇಲ್ಲದ ಕಡೆ ಕೈ ಹಾಕಿದವನನ್ನು ಅಂದೇ ಗೇಟಿನಾಚೆ ಕಳಿಸುತ್ತಾರೆ. “ಇಲ್ರಿ ವೈನಿ, ಸಹಿ ಮಾಡಿ ಕೊಟ್ಟ ಕಾಗದ ಅಂದ್ರ ಅದೂ ಪರ್ಮಿಟ್ಟ. ನೀವು ಏನ್ ಬರೀತೀರಿ, ನಾವು ಹಂಗ ನಡಿಯವ್ರು. ಒಂದ್ ಹೆಜ್ಜಿ ಆ ಕಡೆ ಇಲ್ಲ, ಈ ಕಡೆ ಇಲ್ಲ.”

ಅವನು ಹಾಗೆಯೇ ಮಾಡುತ್ತಾನೆಂದು ನನಗೆ ಖಚಿತವಾಗಿ ಗೊತ್ತಿತ್ತು. ನನ್ನ ತಪ್ಪು ಅಲ್ಲಿಂದಲೇ ಶುರು. ಮೊದಲ ಮೂರು ದಿನ ಸರಿಯಾಗಿ ಬರೆದೆ. ನಾಲ್ಕನೆಯ ದಿನ ಅವರ ಮದುವೆಯ ದಿನ. ಸಂಜೆ ದೊಡ್ಡ ಕಾರಂಜಿಯ ಮುಂದೆ ಫೋಟೋ ತೆಗೆಸಿಕೊಳ್ಳಬೇಕೆಂದು ರೂಪಾ ಸೀರೆಯನ್ನೂ ಆರಿಸಿಟ್ಟಿದ್ದಳು. ನಾನು ಬೆಳಗಿನದೆಲ್ಲ ಬರೆದು, ಮಧ್ಯಾಹ್ನದಿಂದ ಸಂಜೆಯವರೆಗೆ ಅವರನ್ನು ಒಂದು ಬಸ್ಸಿನ ಕೊನೆಯ ನಿಲ್ದಾಣಕ್ಕೆ ಕಳಿಸಿದೆ. ನಿಲ್ದಾಣ ನಿಜ, ನಕಾಶೆಯಲ್ಲಿ ಕಣ್ಣಿಗೆ ಬಿದ್ದದ್ದು. ಅಲ್ಲಿಂದ ಮುಂದೆ ಏನು ಬರೆಯಲಿ ಎಂದು ಯೋಚಿಸುವಷ್ಟರಲ್ಲಿ ಬೆರಳು ತಾನೇ ಟೈಪ್ ಮಾಡಿತ್ತು: ‘ಕಲ್ಲಿನ ಮೆಟ್ಟಿಲು ಹತ್ತಿ ಹಸಿರು ಗೇಟಿನ ಅಂಗಳದಲ್ಲಿ ವಿಶ್ರಾಂತಿ.’ ಬರೆದದ್ದು ಅಷ್ಟೇ. ಮುದುಕಿ, ಅವರೆಕಾಯಿ, ಸ್ಟೂಲು ಯಾವುದನ್ನೂ ಬರೆಯಲಿಲ್ಲ. ಅರ್ಧ ದಿನ ಅಲೆದು, ಗೇಟು ಸಿಗದೆ, ಅವಳ ಸೀರೆ ಬೆವರಿನಲ್ಲಿ ತೊಯ್ದು, ಗಂಡಹೆಂಡಿರು ಬೀದಿಯಲ್ಲಿ ಜಗಳವಾಡಲಿ ಎಂದುಕೊಂಡೆ. ಹೌದು, ಹಾಗೆಯೇ ಅಂದುಕೊಂಡೆ. ನಲವತ್ತಾರು ವರ್ಷದ, ಮನೆಯ ಹಿರಿಸೊಸೆ ನಾನು.

ಆ ನಾಲ್ಕನೆಯ ದಿನ ನಾನು ಗಡಿಯಾರ ನೋಡುತ್ತ ಆಫೀಸಿನಲ್ಲಿ ಕೂತಿದ್ದೆ. ರೋಮಿಗೂ ಇಲ್ಲಿಗೂ ಆಗ ಒಂದು ತಾಸಿನ ಅಂತರ. ಈಗ ಬಸ್ಸು ಹತ್ತಿರಬೇಕು, ಈಗ ಇಳಿದಿರಬೇಕು ಎಂದು ಲೆಕ್ಕ ಹಾಕಿ ಒಳಗೊಳಗೇ ಖುಷಿಪಡುತ್ತಿದ್ದೆ. ನಾಲ್ಕೂವರೆ ಇರಬಹುದು, ಯಾರದೋ ಇನ್ಶೂರೆನ್ಸ್ ಕಾಗದ ಟೈಪ್ ಮಾಡುತ್ತಿರುವಾಗ ನನ್ನ ಎಡಗೆನ್ನೆಯನ್ನು ಒಂದು ಬೆರಳು ಒತ್ತಿತು. ಒಣಗಿದ, ಒರಟು ಬೆರಳು. ಒತ್ತಿದ್ದು ಸಿಟ್ಟಿನಿಂದಲ್ಲ, ಮನೆಗೆ ಬಂದ ಮೊಮ್ಮಗಳ ಕೆನ್ನೆಯನ್ನು ಅಜ್ಜಿ ಒತ್ತುವ ಹಾಗೆ. ತಿರುಗಿ ನೋಡಿದೆ. ಹಿಂದೆ ಗೋಡೆ, ಅದರ ಮೇಲೆ ಎಸಿ. ಗಾಳಿ ಬಡಿದಿರಬೇಕೆಂದುಕೊಂಡು ಕುರ್ಚಿ ಸರಿಸಿ ಕೂತೆ. ನಿಜ ಹೇಳುತ್ತೇನೆ, ಅಷ್ಟಕ್ಕೇ ಮರೆತೂಬಿಟ್ಟೆ.

ಅವರು ಬಂದ ಮೇಲಿನ ಶುಕ್ರವಾರ ಅಬು ಹಮೂರಿನಲ್ಲಿ ಊಟ. ರೂಪಾ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ ಎಲ್ಲ ಮಾಡಿದ್ದಳು. ಎಂದಿನಂತೆ ಅಪ್ಪಿಕೊಳ್ಳಲಿಲ್ಲ. ಮೂರು ದಿನದ ಫೋಟೋ ತೋರಿಸಿದಳು, ನಾಲ್ಕನೆಯ ದಿನಕ್ಕೆ ಫೋನ್ ಕೆಳಗಿಟ್ಟಳು. ಸರಿ, ಬಯ್ಯುತ್ತಾಳೆ ಎಂದು ನಾನು ಸಿದ್ಧಳಾದೆ.

“ಅಕ್ಕಾರ, ಖರೇ ಹೇಳ್ರಿ. ನೀವು ರೋಮ್‌ಗೆ ಯಾವಾಗ ಹೋಗಿದ್ರಿ?”

ವೀರೇಶ ಗಂಟಲು ಸರಿಮಾಡಿಕೊಂಡು, ಪ್ಲಾಂಟಿನಲ್ಲಿ ಅಪಘಾತದ ವರದಿ ಒಪ್ಪಿಸುವವನಂತೆ ಒಂದೊಂದಾಗಿ ಹೇಳಿದ. ಬಸ್ಸಿನ ಕೊನೆಯ ನಿಲ್ದಾಣದ ಎದುರಿಗೇ ಮೆಟ್ಟಿಲಿದ್ದವು. ಮೇಲೆ ಹಸಿರು ಗೇಟು, ತೆರೆದೇ ಇತ್ತು. ಒಳಗೆ ಒಬ್ಬ ಮುದುಕಿ ಕಾಯಿ ಸುಲಿಯುತ್ತಿದ್ದಳು, ನಮ್ಮ ಅವರೆಯಂಥದ್ದೇ, ಕಾಳು ಮಾತ್ರ ದೊಡ್ಡದು. ರೂಪಾಳ ಸೀರೆ ಕಂಡು ಅವಳು ಕೈಯಲ್ಲಿದ್ದದ್ದನ್ನು ಬಿಟ್ಟು ನಗುತ್ತ ಎದ್ದು ಬಂದಳು. ಹತ್ತಿರ ಬಂದು ಮುಖ ನೋಡಿದಾಗ ಅವಳ ನಗು ಆರಿತು. ರೂಪಾಳ ಹಿಂದೆ ಬಗ್ಗಿ ನೋಡಿದಳು, ಗೇಟಿನವರೆಗೆ ಹೋಗಿ ಮೆಟ್ಟಿಲ ಕೆಳಗೆ ಇಣುಕಿದಳು. ಏನೋ ಕೇಳಿದಳು. ಹಲ್ಲಿಲ್ಲದ ಅವಳ ಮಾತು ಫೋನಿನ ಅನುವಾದಕ್ಕೂ ಸಿಗಲಿಲ್ಲ.

“ಅಲ್ಲೊಂದು ಮೂರು ಕಾಲಿನ ಸ್ಟೂಲ್ ಇತ್ರಿ,” ಎಂದಳು ರೂಪಾ. “ಒಂದು ಕಾಲಿಗೆ ನೀಲಿ ವೈರ್ ಸುತ್ತ್ಯಾರ. ಕಾಲು ಸೋತಿತ್ತು, ಕುಂದ್ರಾಕ ಹೋದೆ. ಅಕಿ ಕೈ ಅಡ್ಡ ಇಟ್ಲು. ಒಳಗಿಂದ ನಮಗ ಬ್ಯಾರೆ ಕುರ್ಚಿ ತಂದ್ಲು, ನೀರು ಕೊಟ್ಲು, ಎಲ್ಲಾ ಖರೆ. ಆದ್ರ ಅದರ ಮ್ಯಾಲೆ ಮಾತ್ರ ಕುಂದ್ರಾಕ ಬಿಡಲಿಲ್ಲ.”

ಆಗ ರೂಪಾಳ ಫೋನ್ ಬೆಳಗಿತಂತೆ. ಅದರ ಮೇಲೆ ಯುಗಾದಿಗೆ ನಾವು ನಾಲ್ವರೂ ತೆಗೆಸಿಕೊಂಡ ಫೋಟೋ ಇತ್ತು. ಮುದುಕಿ ಅದನ್ನು ಕಸಿದುಕೊಂಡು ನನ್ನ ಮುಖದ ಮೇಲೆ ಬೆರಳಿಟ್ಟು ಒತ್ತಿದಳು, ಎಡಗೆನ್ನೆಯ ಮೇಲೆ. ನಕ್ಕಳು, ಕಣ್ಣೀರು ಒರೆಸಿಕೊಂಡಳು. ಎರಡೂ ಕೈಯ ಹತ್ತು ಬೆರಳು ಬಿಚ್ಚಿ ತೋರಿಸಿದಳು, ಸ್ಟೂಲನ್ನು ತಟ್ಟಿದಳು. ಫೋಟೋ ಒಂದೂ ಇಲ್ಲ. ಪರವಾನಗಿಯಿಲ್ಲದೆ ಹೆಂಗಸರ ಫೋಟೋ ತೆಗೆದರೆ ಕೇಸಾಗುತ್ತದೆ ಎಂಬ ಇಲ್ಲಿಯ ಹೆದರಿಕೆಯನ್ನು ವೀರೇಶ ರೋಮಿಗೂ ಹೊತ್ತುಕೊಂಡು ಹೋಗಿದ್ದ. ಅವಳು ನನ್ನ ಕೆನ್ನೆಯ ಮೇಲೆ ಬೆರಳಿಟ್ಟದ್ದು ಎಷ್ಟು ಹೊತ್ತಿಗೆ ಎಂದು ಮಾತ್ರ ಕೇಳಿದೆ. ಅವನು ಅಂಥದ್ದನ್ನೆಲ್ಲ ಬರೆದಿಡುವವನು. ಅಲ್ಲಿಯ ಮೂರೂವರೆ ಎಂದ. ಎಂದರೆ ಇಲ್ಲಿಯ ನಾಲ್ಕೂವರೆ.

ನಮ್ಮ ಮನೆಯವರು ಜೋರಾಗಿ ನಕ್ಕು, “ಇಕಿ ನನ್ನ ಬಿಟ್ಟು ಒಬ್ಬಾಕಿನ ಯಾವಾಗ ಹೋಗಿ ಬಂದ್ಲಪಾ?” ಎಂದರು. ರೂಪಾ ನಗಲಿಲ್ಲ. ಅವಳ ಕಣ್ಣು ನೋಡಿದೆ. ಆ ನೋಟ ನನಗೆ ಹೊಸದಲ್ಲ, ಹತ್ತು ವರ್ಷದಿಂದ ನಾನು ಕನ್ನಡಿಯಲ್ಲಿ ನೋಡಿದ್ದೇ. ತನ್ನ ಮದುವೆಯ ದಿನ, ತನ್ನ ರೋಮಿನಲ್ಲಿ, ತನಗಿಂತ ಮೊದಲು ನನಗೆ ಜಾಗ ಹಿಡಿದಿಟ್ಟಿದ್ದರು ಎಂಬ ಸಂಕಟ ಅದು. ಗೇಟು ನಾನು ಕಟ್ಟಿದ ಸುಳ್ಳು ಎಂದು ಆಗಲೇ ಹೇಳಿಬಿಡಬಹುದಿತ್ತು. ಆದರೆ ಸುಳ್ಳು ಯಾಕೆ ಕಟ್ಟಿದೆ ಎಂದು ಹೇಳಬೇಕಾಗುತ್ತಿತ್ತಲ್ಲ. ಸುಮ್ಮನಾದೆ. ಒಂದು ವಾರ ಖುಷಿಯಾಗಿಯೂ ಇದ್ದೆ, ಬರೆಯಲು ನಾಚಿಕೆಯಾಗುತ್ತದೆ. ಆಮೇಲೆ ರೂಪಾಳ ಫೋನ್ ಕಡಿಮೆಯಾಯಿತು. ಈಗಲೂ ಅಕ್ಕಾರ ಎನ್ನುತ್ತಾಳೆ, ಅದರಲ್ಲಿ ಮೊದಲಿನ ಸಲಿಗೆ ಇಲ್ಲ. ಅಷ್ಟು ದೊಡ್ಡ ವಿಷಯ ಮುಚ್ಚಿಟ್ಟವಳು ಇನ್ನೇನೇನು ಮುಚ್ಚಿಟ್ಟಾಳು ಎಂದು ಯೋಚಿಸುತ್ತಿರಬೇಕು.

ನಾನು ಬುದ್ಧಿವಂತಳಂತೆ ಲೆಕ್ಕ ಹಾಕಿದ್ದೇನೆ. ಯಾವ ಊರಿನ ಹೊರಗೆ ಮೆಟ್ಟಿಲಿಲ್ಲ, ಹಸಿರು ಗೇಟಿಲ್ಲ, ಕಾಯಿ ಸುಲಿಯುವ ಮುದುಕಿಯಿಲ್ಲ? ಅಲ್ಲಿಗೆ ಎಂದೋ ಬಂದ ಯಾವಳೋ ಸೀರೆಯವಳ ಮುಖ ನನ್ನಂತೆ ಇದ್ದಿರಬಹುದು. ನೀಲಿ ವೈರಿನವರೆಗೂ ಈ ಲೆಕ್ಕ ಹೇಗೋ ನಡೆಯುತ್ತದೆ, ನನ್ನ ಕೆನ್ನೆಗೆ ಬಂದರೆ ನಿಲ್ಲುತ್ತದೆ. ಕಂಪ್ಯೂಟರಿನಲ್ಲಿ ಆ ಬೀದಿಯ ಚಿತ್ರವನ್ನೂ ಹುಡುಕಿದೆ. ಮೆಟ್ಟಿಲ ಬುಡದವರೆಗೆ ಕಾಣುತ್ತದೆ, ಮೇಲೆ ಬರೀ ಮರದ ಎಲೆ.

ರೂಪಾಳ ಮೇಲೆ ಈಗ ನನಗೆ ಹೊಟ್ಟೆಕಿಚ್ಚಿಲ್ಲ. ಇರುವುದು ಆ ಇನ್ನೊಬ್ಬಳ ಮೇಲೆ. ನಾನು ಗದಗಿನಲ್ಲಿ ಬೀಗರ ಎಲೆಗೆ ತುಪ್ಪ ಸುರಿಯುತ್ತಿದ್ದಾಗ, ನನ್ನ ಮುಖ ಹೊತ್ತು ಆ ಅಂಗಳಕ್ಕೆ ಹೋಗಿ, ಕಾಲು ಚಾಚಿ ಕೂತು, ಹತ್ತು ವರ್ಷ ಮರೆಯಲಾಗದಷ್ಟು ಪ್ರೀತಿ ಗಳಿಸಿ ಬಂದವಳು ಯಾರೋ, ಅವಳ ಮೇಲೆ. ಅವಳನ್ನು ನೆನೆದರೆ ರಾತ್ರಿ ನಿದ್ದೆ ಬರುವುದಿಲ್ಲ.

ಈ ಮೇ ತಿಂಗಳು ರಜೆ ಇದೆ, ರೋಮಿಗೆ ಹೋಗೋಣ ಎಂದು ನಮ್ಮ ಮನೆಯವರು ಹಟ ಹಿಡಿದಿದ್ದಾರೆ. ಫೈಲು ಸಿದ್ಧವಿದೆ, ನಾನು ಸಹಿ ಮಾಡಿಲ್ಲ. ಏನಾಗಿದೆ ನಿನಗೆ ಎಂದು ಕೇಳಿದರೆ ಉತ್ತರಿಸುವುದಿಲ್ಲ. ನಿಮಗೆ ಹೇಳುತ್ತೇನೆ. ನಾನು ಆ ಮೆಟ್ಟಿಲು ಹತ್ತಿ ಹೋಗಿ ನಿಂತಾಗ, ಆ ಮುದುಕಿ ನಗುತ್ತ ಹತ್ತಿರ ಬಂದು ನನ್ನ ಮುಖ ನೋಡಿ, ಆಮೇಲೆ ನನ್ನ ಹಿಂದೆ ಬಗ್ಗಿ ನೋಡಿದರೆ?