ಎಡಗಡೆಯ ಸ್ಪೀಕರ್

ನನ್ನ ಮಾವನವರು ಮೂವತ್ತೊಂದು ವರ್ಷ ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತರಾದವರು. ಕೆಲಸ ಬಿಟ್ಟರು, ತಪಾಸಣೆ ಬಿಡಲಿಲ್ಲ. ಹಾಲಿನವನು ಹಾಲು ಅಳೆದರೆ ಅಳತೆಯ ಪಾತ್ರೆಯ ತಳ ಮುಟ್ಟಿ ನೋಡುತ್ತಾರೆ. ಮಗಳು ಔಷಧಿ ತಂದುಕೊಟ್ಟರೆ ಮೊದಲು ತಾರೀಖು ನೋಡುತ್ತಾರೆ, ಆಮೇಲೆ ಮಗಳ ಮುಖ. ನಾನಂತೂ ಒಂಬತ್ತು ವರ್ಷದಿಂದ ಅವರ ಮನೆಯಲ್ಲೇ ಇರುವ ಅಳಿಯ. ಅಂದರೆ ಟಿಕೆಟ್ ಇಲ್ಲದೆ ಹತ್ತಿ, ಕಿಟಕಿ ಪಕ್ಕದ ಸೀಟು ಹಿಡಿದು ಕೂತವನು. ಬೆಳಿಗ್ಗೆ ನಾನು ಚಪ್ಪಲಿ ಮೆಟ್ಟುವಾಗ ನನ್ನ ಚೀಲದ ಮೇಲೆ ಅವರ ಕಣ್ಣು ಬೀಳುತ್ತದಲ್ಲ, ಮೈಯೆಲ್ಲ ಉರಿಯುತ್ತದೆ.

ಈ ಲೋಕದಲ್ಲಿ ಅವರು ತಪಾಸಣೆ ಮಾಡದೆ ನಂಬಿದ್ದು ಒಬ್ಬರನ್ನೇ. ಹಿಂದಿನ ಬೀದಿಯಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟಿರುವ ಗೆಳೆಯ. ಎಲ್ಲರೂ ಅವರನ್ನು ತಂತಿಯಣ್ಣ ಅನ್ನುತ್ತಾರೆ. ನಲವತ್ತು ವರ್ಷದ ಸ್ನೇಹ. ದಿನಾ ಸಂಜೆ ಇಬ್ಬರೂ ರಸ್ತೆ ಹಿಡಿದು ಒಂದು ಗಂಟೆ ನಡೆಯುತ್ತಿದ್ದರು. ತಂತಿಯಣ್ಣ ಗಾಡಿ ಬಂದರೂ ಗಮನಿಸುವುದಿಲ್ಲ ಎಂದು ಮಾವ ತಾವು ರಸ್ತೆಯ ಕಡೆ ನಡೆದು, ಅವರನ್ನು ತಮ್ಮ ಎಡಕ್ಕೆ, ಒಳಗಡೆ ಇಟ್ಟುಕೊಳ್ಳುತ್ತಿದ್ದರು.

ಗಲಾಟೆ ಶುರುವಾಗಿದ್ದು ಸ್ಟೀರಿಯೋದಿಂದ. ನಿವೃತ್ತಿಯಾದ ವಾರ ಮಾವ ಕೊಂಡ ದೊಡ್ಡ ರಿಸೀವರ್ ಅದು. ಮಧ್ಯಾಹ್ನ ನಡುಮನೆಯ ಕುರ್ಚಿಯಲ್ಲಿ ಕೂತು, ಎಡಕ್ಕೊಂದು ಬಲಕ್ಕೊಂದು ಸ್ಪೀಕರ್ ಇಟ್ಟುಕೊಂಡು ಹಾಡು ಕೇಳುವುದು ಅವರ ಒಂದೇ ಒಂದು ಶೋಕಿ. ಒಂದು ದಿನ, "ಎಡಗಡೆದು ಸತ್ತು ಹೋಗಿದೆ, ಪಿಸುಪಿಸು ಅಂತಿದೆ" ಎಂದರು. ರಿಸೀವರ್ ಪೆಟ್ಟಿಗೆಯನ್ನು ತಂತಿಯಣ್ಣನ ಅಂಗಡಿಗೆ ನಾನೇ ಹೊತ್ತುಕೊಂಡು ಹೋಗಿ ಕೊಟ್ಟೆ.

ಮಾರನೆಯ ದಿನವೇ ವಾಪಸ್ ಬಂತು. "ಒಳಗೆ ಧೂಳಿತ್ತು, ಒರೆಸಿದ್ದೀನಿ. ಬೇರೇನೂ ಆಗಿಲ್ಲ ಅಂತ ಹೇಳು" ಎಂದಿದ್ದರು ತಂತಿಯಣ್ಣ. ಮಾವ ಹಾಡು ಹಾಕಿಕೊಂಡು ಕೂತರು. ಎಡಗಡೆ ಮತ್ತೆ ಪಿಸುಪಿಸು. ಎದ್ದು ಪೆಟ್ಟಿಗೆಯನ್ನು ಸುತ್ತು ಹಾಕಿ ನೋಡಿದರು. ಹಿಂಬದಿಯಲ್ಲಿ ಆರು ಸ್ಕ್ರೂ. ಐದು ಬಿಳಿ, ಒಂದು ಕಪ್ಪು.

"ನೋಡಿದ್ಯಾ?" ಎಂದರು, ನನ್ನನ್ನೇ ಹಿಡಿದವರ ಹಾಗೆ. "ಇದು ನನ್ನ ಸ್ಕ್ರೂ ಅಲ್ಲ. ಸ್ಕ್ರೂ ಬದಲಾಯಿಸಿದವನು ಒಳಗೆ ಏನೇನು ಬದಲಾಯಿಸಿದ್ದಾನೋ! ಒಳ್ಳೇ ಪಾರ್ಟು ಕಿತ್ಕೊಂಡು ಹಳೇದು ತುರುಕಿದ್ದಾನೆ."

"ಅಯ್ಯೋ, ಎರಡೂ ಕಡೆ ಒಂದೇ ಥರ ಕೇಳ್ತಿದೆಯಲ್ರೀ" ಎಂದರು ಅತ್ತೆ. ನನ್ನ ಹೆಂಡತಿಯೂ ಹಾಗೇ ಅಂದಳು. ನಾನೂ ಅಂದೆ.

"ನೀವೆಲ್ಲ ಅವನ ಕಡೆಯವರು."

ಅವತ್ತಿನಿಂದ ಸಂಜೆಯ ನಡಿಗೆ ನಿಂತಿತು. ಅಷ್ಟಕ್ಕೇ ನಿಂತಿದ್ದರೆ ಪುಣ್ಯ. ಕ್ಷೌರದ ಅಂಗಡಿಯಲ್ಲಿ ಕೂತು ನಾಲ್ಕು ಜನರ ಮುಂದೆ "ಅವನು ಕಳ್ಳ" ಎಂದು ಹೇಳಿ ಬಂದರು. ಪೆಟ್ಟಿಗೆಯನ್ನು ತಾವೇ ಬಿಚ್ಚಿ, ಬದಲಾದ ಪಾರ್ಟನ್ನು ತಂತಿಯಣ್ಣನ ಮೇಜಿನ ಮೇಲೆ ಬೀದಿಗೆಲ್ಲ ಕಾಣುವಂತೆ ಇಡುತ್ತಾರಂತೆ.

"ನಿಮಗಿರೋದು ಒಬ್ಬ ಸ್ನೇಹಿತ" ಎಂದು ಅತ್ತೆ ಕಣ್ಣೀರು ಹಾಕಿದರು. "ಅವರನ್ನೂ ಕಳ್ಕೊಂಡ್ರೆ ಆಮೇಲೆ ಈ ಗೋಡೆ ಜೊತೆ ಮಾತಾಡ್ತೀರಾ?"

ಭಾನುವಾರ ನಡುಮನೆಯಲ್ಲಿ ಪೇಪರ್ ಹಾಸಿದರು. ಪ್ಲಗ್ ಕಿತ್ತು ಅರ್ಧ ಗಂಟೆ ಕಾದರು. ಒಳಗೆ ಕರೆಂಟು ಸ್ವಲ್ಪ ಹೊತ್ತು ಉಳಿದಿರುತ್ತದೆ, ಅವಸರಪಟ್ಟು ಕೈ ಹಾಕಬಾರದು ಎಂದು ಕಲಿಸಿದವರು ತಂತಿಯಣ್ಣನೇ. ನನ್ನನ್ನು ಟಾರ್ಚ್ ಹಿಡಿಯಲು ನಿಲ್ಲಿಸಿದರು. "ಏನೂ ಮುಟ್ಟಬೇಡ. ಕೈ ಕಾಣೋ ಹಾಗೆ ಇಟ್ಕೋ." ಸಿಟ್ಟು ನೆತ್ತಿಗೇರಿತು, ನುಂಗಿಕೊಂಡೆ.

ಒಂದು ಗಂಟೆ ಭೂತಗನ್ನಡಿ ಹಿಡಿದು ಹುಡುಕಿದರು. ಎಲ್ಲ ಪಾರ್ಟಿನ ಕಾಲಿನಲ್ಲೂ ಕಾರ್ಖಾನೆಯ ಹಳೆಯ ಬೆಸುಗೆ. ಹೊಸದಾಗಿ ಅಂಟಿಸಿದ ಗುರುತು ಒಂದೂ ಇಲ್ಲ. "ಭಾರಿ ಚಾಲಾಕಿ. ಗುರುತೇ ಉಳಿಸಿಲ್ಲ" ಎಂದರು ಮಾವ. ಗುರುತು ಸಿಕ್ಕಿದ್ದರೂ ಕಳ್ಳ, ಸಿಗದಿದ್ದರೂ ಕಳ್ಳ!

ಆಮೇಲೆ ಅದಲುಬದಲು ಪರೀಕ್ಷೆ. ಅದೂ ತಂತಿಯಣ್ಣನ ಪಾಠವೇ. ಅನುಮಾನ ಬಂದದ್ದನ್ನು ಆ ಕಡೆಯಿಂದ ಈ ಕಡೆಗೆ ಹಾಕಿ ನೋಡು, ದೋಷ ಅದರ ಜೊತೆ ಬಂದರೆ ತಪ್ಪು ಅದರದ್ದು, ಬರದಿದ್ದರೆ ಅದನ್ನು ಬಿಟ್ಟುಬಿಡು. ಪೆಟ್ಟಿಗೆ ಮುಚ್ಚಿ, ಎಡದ ತಂತಿಯನ್ನು ಬಲದ ತೂತಿಗೆ, ಬಲದ್ದನ್ನು ಎಡಕ್ಕೆ ಸಿಕ್ಕಿಸಿದರು. ಕುರ್ಚಿಯಲ್ಲಿ ಕೂತರು. ಎಡಗಡೆಯೇ ಪಿಸುಪಿಸು.

"ಹಾಗಾದ್ರೆ ರಿಸೀವರ್ ತಪ್ಪಲ್ಲ" ಎಂದೆ ನಾನು. ಅವರು ನನ್ನನ್ನು ದುರುಗುಟ್ಟಿ ನೋಡಿದರು. ಸ್ಪೀಕರುಗಳನ್ನೇ ಎತ್ತಿ ಅದಲುಬದಲು ಮಾಡಿದರು. ಎಡಗಡೆಯೇ. ತಂತಿಗಳನ್ನು ಕಿತ್ತು ಹೊಸದು ಹಾಕಿದರು. ಎಡಗಡೆಯೇ. ಬೆವರು ಒರೆಸಿಕೊಂಡು ಕುರ್ಚಿಯನ್ನು ಗರ್ರನೆ ನನ್ನ ಕಡೆ ತಿರುಗಿಸಿದರು, ಗೋಡೆಗೆ ಬೆನ್ನು ಹಾಕಿ. ಹಾಡು ಇನ್ನೂ ನಡೆಯುತ್ತಿತ್ತು.

"ನಿಜ ಹೇಳು. ಅಂಗಡಿಗೆ ಹೊತ್ಕೊಂಡು ಹೋಗಿದ್ದು ನೀನು. ದಾರೀಲಿ ಎಲ್ಲಾದ್ರೂ..."

ಮಾತು ಅಲ್ಲಿಗೇ ನಿಂತಿತು. ಅವರು ತಲೆ ವಾಲಿಸಿದರು. ಇಷ್ಟು ಹೊತ್ತು ಬಲಕ್ಕಿದ್ದು, ಖಣಖಣ ಹಾಡುತ್ತಿದ್ದ ಸ್ಪೀಕರ್ ಈಗ ಅವರ ಎಡಕ್ಕಿತ್ತು. ಅವರು ಎದ್ದು ನಿಂತು ನಿಧಾನಕ್ಕೆ ಒಂದು ಸುತ್ತು ತಿರುಗಿದರು. ನಿಂತರು. ಬಲಗಿವಿಯ ಮೇಲೆ ಅಂಗೈ ಒತ್ತಿಕೊಂಡರು.

"ಹಾಡು ನಿಲ್ಲಿಸಿದ್ಯಾ?" ಎಂದರು ಮೆಲ್ಲಗೆ.

ನಾನು ನಿಲ್ಲಿಸಿರಲಿಲ್ಲ. ಒಂಬತ್ತು ವರ್ಷದಲ್ಲಿ ಮೊದಲ ಸಲ ಆ ಮನುಷ್ಯನನ್ನು ನೋಡಿ ಅಯ್ಯೋ ಅನ್ನಿಸಿತು. ಅವರು ಕಪ್ಪು ಸ್ಕ್ರೂ ಬಿಚ್ಚಿ ಜೇಬಿಗೆ ಹಾಕಿಕೊಂಡು ಹೊರಟರು. ಜೊತೆಗೆ ಹೋಗು ಎಂದು ಅತ್ತೆ ಕಣ್ಣಲ್ಲೇ ಹೇಳಿದರು. ಹೋದೆ.

ಅಂಗಡಿಯಲ್ಲಿ ಕೂತಿದ್ದ ತಂತಿಯಣ್ಣ ತಲೆ ಎತ್ತಲಿಲ್ಲ. "ಏನಪ್ಪಾ, ನಾನು ಕದ್ದ ಪಾರ್ಟು ಸಿಕ್ತಾ?"

"ನನ್ನ ಎಡಗಿವಿ ಹೋಗಿದೆ ಕಣೋ" ಎಂದರು ಮಾವ. "ಪೆಟ್ಟಿಗೆ ಸರಿಯಾಗೇ ಇದೆ. ನಿನ್ನನ್ನ ಕಳ್ಳ ಅಂದೆ. ತಪ್ಪಾಯ್ತು." ಅಷ್ಟು ಹೇಳಿದ ಮೇಲೂ ತಪಾಸಣೆಯ ಬುದ್ಧಿ ಎಲ್ಲಿ ಹೋಗುತ್ತದೆ! ಸ್ಕ್ರೂ ತೆಗೆದು ಮೇಜಿನ ಮೇಲಿಟ್ಟರು. "ಆದ್ರೆ ಈ ಕಪ್ಪು ಸ್ಕ್ರೂ ಯಾಕೆ ಹಾಕಿದೆ?"

"ಕಪ್ಪಾ?" ತಂತಿಯಣ್ಣ ಮೇಜನ್ನು ತಡವಿದರು. ಬೆರಳು ಸ್ಕ್ರೂವಿನ ಪಕ್ಕದಲ್ಲೇ ಎರಡು ಸಲ ಹಾದುಹೋಯಿತು, ಮೂರನೆಯ ಸಲಕ್ಕೆ ಸ್ಕ್ರೂ ಕೈಗೆ ಸಿಕ್ಕಿತು. ಎತ್ತಿ ಮೂಗಿನ ಹತ್ತಿರ ಹಿಡಿದುಕೊಂಡರು. "ಬಿಳೀದು ಅಂದ್ಕೊಂಡಿದ್ದೆ. ನಿನ್ನ ಸ್ಕ್ರೂ ಬಿದ್ದು ಎಲ್ಲೋ ಉರುಳಿತು, ಡಬ್ಬಿಯಿಂದ ಒಂದು ಹುಡುಕಿ ಹಾಕಿದೆ."

ಮಾವ ಅವರ ಮುಖವನ್ನೇ ನೋಡುತ್ತ ನಿಂತರು.

"ಕಣ್ಣು ಮಂಜಾಗ್ತಿದೆ, ಅಂಗಡಿ ಮುಚ್ಚಬೇಕಾಗುತ್ತೆ ಅಂತ ನಡೆಯುವಾಗ ಮೂರು ಸಲ ಹೇಳಿದೆ" ಎಂದರು ತಂತಿಯಣ್ಣ. "ಮನೇಲೂ ಹೇಳಿಲ್ಲ, ನಿನಗೇ ಮೊದಲು ಹೇಳಿದ್ದು. ನೀನು ಹೂಂ ಅಂತಾನೂ ಅನ್ನಲಿಲ್ಲ. ನನ್ನ ಕಷ್ಟ ಇವನಿಗೆ ಬೇಡವಾಯ್ತು ಅಂದ್ಕೊಂಡೆ."

ಮಾವ ಎಡಗಿವಿಯನ್ನು ಒಮ್ಮೆ ಮುಟ್ಟಿಕೊಂಡರು. ಮೇಜಿನ ಈ ಬದಿಯಲ್ಲಿದ್ದ ಸ್ಟೂಲು ಎತ್ತಿ, ಸುತ್ತಿ ಹೋಗಿ, ತಂತಿಯಣ್ಣ ತಮ್ಮ ಬಲಕ್ಕೆ ಬರುವಂತೆ ಹಾಕಿಕೊಂಡು ಕೂತರು.

"ಮೊದಲಿಂದ ಹೇಳು" ಎಂದರು.