ಕರಿಕೆ ಬಸ್ಸಿನಲ್ಲಿ ಊದಿದ ತುಟಿ

ತುಟಿಯ ಉರಿ ಮೊದಲೋ ಊತ ಮೊದಲೋ, ಅಥವಾ ಎರಡೂ ಒಟ್ಟಿಗೇ ಬಂದವೋ. ಬರೆಯಲು ಕೂತಾಗ ಒಂದೊಂದು ಸಲ ಒಂದೊಂದು ಥರ ನೆನಪಾಗುತ್ತದೆ. ಮಡಿಕೇರಿಯಿಂದ ಬೆಳಿಗ್ಗೆ ಹೊರಟ ಕರಿಕೆ ಬಸ್ಸು ಭಾಗಮಂಡಲದಲ್ಲಿ ನಿಂತಿತ್ತು, ಮಳೆ ಇನ್ನೂ ಹಿಡಿದಿರಲಿಲ್ಲ, ಇಷ್ಟು ಖಚಿತ. ತಿರುವುಗಳಿಗೆ ತಲೆ ಸಿಡಿಯುತ್ತಿತ್ತು, ಅಂಗಡಿಯಲ್ಲಿ ನೋವಿನ ಮಾತ್ರೆ ಕೊಂಡು ನುಂಗಿದ್ದೆ. ಪಕ್ಕದಲ್ಲಿ ಕೂತಿದ್ದ ಕಮಲಕ್ಕ ಕರಿಕೆಯ ಶಾಲೆಯಲ್ಲಿ ಬಿಸಿಯೂಟ ಮಾಡುವವರು. ರಜೆ ಮುಗಿದು ಮರುದಿನ ಶಾಲೆ ಶುರು ಎಂದರು, ಚೀಲದಿಂದ ಒಂದು ಕಾಡುಮಾವಿನ ಹಣ್ಣು ಕೊಟ್ಟರು. ತೊಟ್ಟಿನ ಸೊನೆ ಹಿಂಡದೆ ಚೀಪಿದೆನೆಂದು ಕಾಣುತ್ತದೆ.

ಬಸ್ಸು ಹೊರಡುವ ಮೊದಲೇ ಮೇಲ್ತುಟಿ ಉಬ್ಬಿ ಮೂಗಿಗೆ ತಾಗುವಂತಾಯಿತು. ಬಾಯೊಳಗೆಲ್ಲ ಮೆಣಸು ಅರೆದು ಹಚ್ಚಿದಂಥ ಉರಿ.

ಹಿಂದಿನ ಸೀಟಿನ ಮುದುಕರು ಬಗ್ಗಿ ನೋಡಿದರು. "ಗುರುತಿಲ್ಲದವರ ಕೈಯಿಂದ ತಿಂದದ್ದು ಯಾಕೆ ಸಾರ್? ಕೈಮದ್ದು ಹಾಕುವವರು ಇದ್ದಾರೆ."

ತಿನ್ನುವುದರಲ್ಲಿ ಗುಟ್ಟಾಗಿ ಬೆರೆಸಿ ಕೊಡುವ ವಿಷಕ್ಕೆ ಆ ಹೆಸರು. ಅದನ್ನೆಲ್ಲ ನಂಬದ ನಾನೂ ಕಮಲಕ್ಕನ ಚೀಲದ ಕಡೆ ನೋಡಿದೆ. ಅವರು ಅದನ್ನು ಕಂಡರು.

"ಎಂಥ ಮಾತು ಮಾವ? ನೋಡಿ." ಎರಡು ಹಣ್ಣು ಅಲ್ಲೇ ಚೀಪಿ ತೋರಿಸಿದರು.

"ಹಾಕಿದವರಿಗೆ ಅದು ಹಿಡಿಯುದಿಲ್ಲ," ಎಂದರು ಮುದುಕರು, ಹಾಯಾಗಿ.

ನಾನು ಆಸ್ಪತ್ರೆಗೆಂದು ಇಳಿದೆ. ಕಮಲಕ್ಕನೂ ಚೀಲ ಹಿಡಿದು ಇಳಿದರು. "ಮಕ್ಕಳಿಗೆ ಬಡಿಸುವ ಕೈ ಇದು ಸಾರ್. ಈ ಕಥೆ ಊರಿಗೆ ಮುಟ್ಟಿದ್ರೆ ಯಾವ ತಾಯಿ ಉಣ್ಲಿಕ್ಕೆ ಬಿಡ್ತಾಳೆ? ಡಾಕ್ಟ್ರು ಹೇಳಿದ್ದು ಕೇಳಿಯೇ ಹೋಗುದು." ಬಸ್ಸು ಮುದುಕರನ್ನೂ ಕಥೆಯನ್ನೂ ಹೊತ್ತು ಮುಂದೆ ಹೋಯಿತು.

ಡಾಕ್ಟರು ನಾಲಿಗೆ ನೋಡಿ, ಉಸಿರು ಪರೀಕ್ಷಿಸಿ, ಇಂಜೆಕ್ಷನ್ ಕೊಟ್ಟು ಸಂಜೆವರೆಗೆ ಮಲಗಿಸಿದರು. "ಸೊನೆ ಇರಬಹುದು. ಮಾತ್ರೆ ಒಗ್ಗದೆಯೂ ಇರಬಹುದು. ಎರಡನ್ನೂ ಮುಟ್ಟಬೇಡಿ. ಉಸಿರು ಕಟ್ಟಿದರೆ ತಕ್ಷಣ ಆಸ್ಪತ್ರೆಗೆ ಹೋಗಿ."

"ಇರಬಹುದು ಬೇಡ ಡಾಕ್ಟ್ರೆ, ಇದೇ ಅಂತ ಹೇಳಿ," ಎಂದರು ಕಮಲಕ್ಕ.

"ಹೇಳ್ಲಿಕ್ಕೆ ಆಗಲ್ಲಮ್ಮ."

ಸಂಜೆಯ ಬಸ್ಸಿನಲ್ಲಿ ಅವರೊಂದಿಗೇ ಕರಿಕೆಗೆ ಹೋದೆ. ಊತ ಅರ್ಧ ಇಳಿದಿತ್ತು. ಬಸ್ಸು ನಿಲ್ಲುವಲ್ಲಿನ ಚಹಾ ಅಂಗಡಿಯಲ್ಲಿ ಮುದುಕರು ನಾಲ್ಕೈದು ಜನರ ನಡುವೆ ಕೂತಿದ್ದರು. ಡಾಕ್ಟರು ಹೇಳಿದ ಸೊನೆಯ, ಮಾತ್ರೆಯ ವಿಷಯವನ್ನು ದಪ್ಪ ತುಟಿಯಲ್ಲೇ ಹೇಳಿದೆ.

"ಇರಬಹುದು ಅಂದದ್ದಲ್ವಾ ಡಾಕ್ಟ್ರು?" ಎಂದರು ಮುದುಕರು.

ಕಮಲಕ್ಕ ಉಳಿದ ಹಣ್ಣುಗಳನ್ನು ಮೇಜಿನ ಮೇಲೆ ಸುರಿದರು. "ತಿನ್ನಿ, ಎಲ್ಲರೂ ತಿನ್ನಿ."

ಯಾರೂ ಕೈ ಹಾಕಲಿಲ್ಲ. ಎಲ್ಲರೂ ನನ್ನನ್ನು ನೋಡಿದರು. ಅವರ ಮೇಲಿನ ಮಾತು ಅಳಿಯಲು ತಿನ್ನಬೇಕಾಗಿದ್ದವನು ನಾನು, ತಿನ್ನಬಾರದೆಂದು ಡಾಕ್ಟರು ಹೇಳಿದ್ದೂ ನನಗೇ. ನಾನೂ ಮುಟ್ಟಲಿಲ್ಲ.

ರಾತ್ರಿ ಆ ಊರಲ್ಲೇ ಕಳೆದು, ಬೆಳಿಗ್ಗೆ ಮೊದಲ ಬಸ್ಸಿಗೆ ಕೇರಳದ ಕಡೆ ಇಳಿದುಹೋದೆ. ಶಾಲೆಯ ಗೇಟು ಇನ್ನೂ ತೆರೆದಿರಲಿಲ್ಲ. ಆ ಮಧ್ಯಾಹ್ನ ಅಲ್ಲಿ ಮಕ್ಕಳು ಉಂಡರೋ ಇಲ್ಲವೋ, ನನಗೆ ಗೊತ್ತಿಲ್ಲ.