ಮೇಕೆ ಅಟ್ಟುವ ಹುಡುಗಿಯ ಕತ್ತರಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮಂಗಾಯಾ ದ್ವೀಪದ ವಿಮಾನ ನಿಲ್ದಾಣದಲ್ಲಿ ಅಕೈತಿ ಹಳೆಯ ಮೋಟರ್ ಸೈಕಲ್ ಏರಿ ಮೇಕೆಗಳನ್ನು ಅಟ್ಟುತ್ತಿದ್ದಾಳೆ. ನಿಲ್ದಾಣವೆಂದರೆ ಒಂದು ತಗಡಿನ ಮಾಡು, ಗಂಟುಮೂಟೆ ತೂಗುವ ಒಂದು ತಕ್ಕಡಿ, ಎರಡು ಬೆಂಚು. ಅದರ ಮುಂದೆ ಹವಳದ ಪುಡಿ ಹಾಸಿದ ಬಿಳಿಯ ಓಡುದಾರಿ ಸಮುದ್ರದ ಕಡೆಗೆ ಚಾಚಿಕೊಂಡಿದೆ. ನಿನ್ನೆಯ ಬಿಸಿಲಿನ ಕಾವು ಇನ್ನೂ ಉಳಿದಿರುವ ಆ ಹವಳದ ಮೇಲೆ ಮಲಗುವುದೆಂದರೆ ಮೇಕೆಗಳಿಗೆ ಬಹಳ ಇಷ್ಟ.

"ಏಳ್ರೋ, ಏಳ್ರೋ. ಇವತ್ತು ನೆಂಟರು ಬರ್ತಾರೆ, ಮರ್ಯಾದೆ ಕಳೀಬೇಡಿ" ಎಂದು ಅವಳು ಗದರುತ್ತಾಳೆ. ಗಡ್ಡದ ಹೋತವೊಂದು ಎದ್ದು ನಾಲ್ಕು ಹೆಜ್ಜೆ ನಡೆದು ಮತ್ತೆ ಮಲಗುತ್ತದೆ. "ಇವನೊಬ್ಬ ನಮ್ಮ ಮಾವನ ಥರ. ಹೂಂ ಅಂತಾನೆ, ಏಳಲ್ಲ" ಎಂದು ನನ್ನ ಕಡೆ ತಿರುಗಿ ನಗುತ್ತಾಳೆ. ಬೆಳಗಿನ ಪ್ರಾರ್ಥನೆ ಮುಗಿಸಿ ಬೆಂಚಿನ ಮೇಲೆ ಬಂದು ಕುಳಿತಿರುವ ನಾನು ಆ ಮಾವನನ್ನೂ ಬಲ್ಲೆ. ಹೋಲಿಕೆ ಸರಿಯಾಗಿಯೇ ಇದೆ.

ಮೇಕೆಗಳು ಹೋದ ಮೇಲೆ ಕಳೆ ಕೀಳುವ ಕೆಲಸ. ಓಡುದಾರಿಯ ಅಂಚಿನುದ್ದಕ್ಕೂ ಮುಟ್ಟಿದರೆ ಮುನಿ ಹಬ್ಬಿದೆ. ಅಕೈತಿ ಕೈ ಇಡುತ್ತಿದ್ದಂತೆ ಎಲೆಗಳು ಜೋಡಿಜೋಡಿಯಾಗಿ ಮುಚ್ಚಿಕೊಳ್ಳುತ್ತವೆ. ಮುಚ್ಚಿಕೊಂಡದ್ದನ್ನು ಕಿತ್ತು ಬುಟ್ಟಿಗೆ ಹಾಕುತ್ತಾಳೆ. ಪ್ರತಿ ಸಲ ಒಂದು ಗಿಡವನ್ನು ಮಾತ್ರ ಬಿಟ್ಟು, ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ಅದು ಮತ್ತೆ ಬಿಚ್ಚಿಕೊಳ್ಳುವ ತನಕ ಕಾಯುತ್ತಾಳೆ. ಅದು ಸಂಬಳದ ಕೆಲಸವಲ್ಲ, ಅವಳದೇ ಕೆಲಸ.

ಅಕೈತಿಗೆ ಈಗ ಇಪ್ಪತ್ತೆರಡು. ನಮ್ಮ ಒನೆರೊವಾ ಹಳ್ಳಿಯಲ್ಲಿ ಅವಳನ್ನು ಎಲ್ಲರೂ ಮೇಕೆ ಅಟ್ಟುವ ಹುಡುಗಿ ಎಂದೇ ಬಲ್ಲರು. ಅವಳು ತಿವೈವೈ ಕತ್ತರಿಸುತ್ತಾಳೆ ಎಂಬುದು ಹೊಲಿಗೆಯ ಹೆಂಗಸರಿಗಷ್ಟೇ ಗೊತ್ತು. ತಿವೈವೈ ಎಂದರೆ ನಮ್ಮ ಮನೆಮನೆಯ ದೊಡ್ಡ ಹೊದಿಕೆ. ಬಣ್ಣದ ಬಟ್ಟೆಯೊಂದನ್ನು ಮೂರು ಸಲ ಮಡಚಿ ಒಮ್ಮೆಗೇ ಕತ್ತರಿಸುತ್ತಾರೆ. ಬಿಚ್ಚಿದಾಗ ಹೂವು ಎಲೆ ಎಲ್ಲ ಒಂದಕ್ಕೊಂದು ಅಂಟಿಕೊಂಡು ಸುತ್ತಲೂ ಹರಡಿ ನಿಲ್ಲುತ್ತವೆ. ಅದನ್ನು ಬಿಳಿಯ ಬಟ್ಟೆಯ ಮೇಲಿಟ್ಟು ಹೆಂಗಸರೆಲ್ಲ ಸುತ್ತ ಕುಳಿತು ತಿಂಗಳುಗಟ್ಟಲೆ ಹೊಲಿಯುತ್ತಾರೆ. ಹೊಲಿದವರಿಗೆ ಊಟವಿದೆ, ಹಾಡಿದೆ, ಹೊಗಳಿಕೆಯಿದೆ. ಕತ್ತರಿಸಿದವಳ ಹೆಸರು ಎಲ್ಲಿಯೂ ಬರುವುದಿಲ್ಲ.

ಈ ವಿದ್ಯೆಯನ್ನು ಅವಳು ಕಲಿತದ್ದು ನನ್ನ ಹೆಂಡತಿಯ ಹತ್ತಿರ. ಹೋದ ವರ್ಷ ದೇವರು ಆಕೆಯನ್ನು ಕರೆಸಿಕೊಂಡ. ಆಕೆ ಕತ್ತರಿಸಿದ ಹೊದಿಕೆಗಳಲ್ಲಿ ಅತ್ಯಂತ ಚೆಲುವಾದದ್ದನ್ನು ಆಕೆಗೇ ಸುತ್ತಿ ಮಣ್ಣಿಗೊಪ್ಪಿಸಿದೆವು. ನಮ್ಮಲ್ಲಿ ಹಾಗೆಯೇ. ಒಳ್ಳೆಯ ಮಾದರಿಗಳೆಲ್ಲ ಒಂದಲ್ಲ ಒಂದು ದಿನ ನೆಲದೊಳಗೆ ಹೋಗುತ್ತವೆ, ಅದಕ್ಕೇ ಯಾರಾದರೂ ಹೊಸದನ್ನು ಕತ್ತರಿಸುತ್ತಲೇ ಇರಬೇಕು. ಕತ್ತರಿ ಮಾತ್ರ ಮನೆಯಲ್ಲಿ ಉಳಿದಿತ್ತು. ಅದನ್ನು ಅಕೈತಿಗೆ ಕೊಟ್ಟೆ.

ಅವಳು ಅಭ್ಯಾಸ ಮಾಡುವುದು ಬಾಳೆ ಎಲೆಯ ಮೇಲೆ. ಬಟ್ಟೆ ಹಡಗಿನಲ್ಲಿ ಬರಬೇಕು, ಬಾಳೆ ಹಿತ್ತಲಲ್ಲೇ ಇದೆ. ಎಲೆಯನ್ನು ಬಿಸಿಲಿಗೆ ಬಾಡಿಸಿ, ಮಡಚಿ, ಉಗುರಿನಿಂದ ಗೀರಿ, ಬಿಚ್ಚಿ ನೋಡಿ ಎಸೆಯುತ್ತಾಳೆ. "ನನ್ನ ತಪ್ಪುಗಳನ್ನೆಲ್ಲ ಮೇಕೆಗಳೇ ತಿಂದಿರೋದು. ಅದಕ್ಕೇ ನನ್ನ ಮಾತು ಕೇಳಲ್ಲ ಅವು. ಇವಳಿಗೇನು ಬರುತ್ತೆ ಅನ್ನೋದು ಅವಕ್ಕೆ ಗೊತ್ತು" ಎನ್ನುತ್ತಾಳೆ.

ಸಂಜೆ ಹೊತ್ತು ಉಕುಲೆಲೆ ನುಡಿಸುತ್ತಾಳೆ. ದೀವಿಹಲಸಿನ ಮರದ್ದು, ಅಪ್ಪನೇ ಕೆತ್ತಿದ್ದು. ತಂತಿ ಮಾತ್ರ ಅವನ ಮೀನಿನ ಗಾಳದ ದಾರ. ಮೀನು ಹಿಡಿಯಲು ದಾರ ಸಾಲದೆ ಬಂದಾಗಲೆಲ್ಲ ಅಪ್ಪ ಉಕುಲೆಲೆಯ ಕಡೆ ನೋಡುತ್ತಾನಂತೆ. ಭಾನುವಾರ ಚರ್ಚಿನ ಹಾಡಿನ ಗುಂಪಿನಲ್ಲಿ ಹಿಂದಿನ ಸಾಲಿನಲ್ಲಿ ನಿಲ್ಲುತ್ತಾಳೆ. ಉಪದೇಶ ಉದ್ದವಾದರೆ ಹಾಡಿನ ಪುಸ್ತಕದ ಮೇಲೆ ಬೆರಳಿನಿಂದ ಎಲೆಯೊಂದರ ಗೆರೆ ಎಳೆಯುವುದನ್ನು ನಾನೇ ಕಂಡಿದ್ದೇನೆ. ದೇವರು ಮಾಡಿದ ಎಲೆಯೇ ಅದು, ತಪ್ಪೇನಿಲ್ಲ.

ನಡುವೆ ಒಂದು ವರ್ಷ ದೊಡ್ಡ ದ್ವೀಪ ರಾರೊತೊಂಗಾಕ್ಕೆ ಹೋಗಿ ಪ್ರವಾಸಿಗರ ಹೋಟೆಲಿನಲ್ಲಿ ಹಾಸಿಗೆ ಸರಿಪಡಿಸುವ ಕೆಲಸ ಮಾಡಿದಳು. ಯಾಕೆ ವಾಪಸು ಬಂದೆ ಎಂದರೆ ಹೀಗೆ ಹೇಳುತ್ತಾಳೆ: "ಎಲ್ಲಾ ಬಿಳೀ ಹೊದಿಕೆ ತಾತ. ದಿನಾ ಅಷ್ಟೊಂದು ಬಿಳಿ ಬಟ್ಟೆ ಕೊಡವಿ ಹಾಸಿ, ಅದರ ಮೇಲೆ ಒಂದು ಹೂವೂ ಇಡದೆ ಬಾಗಿಲು ಹಾಕ್ಕೊಂಡು ಬರ್ಬೇಕು. ನಂಗೆ ಕೈ ತುರಿಸ್ತಿತ್ತು."

ಅವಳಿಗೆ ಬೇಕಾದದ್ದು ದೊಡ್ಡದೇನಲ್ಲ. ತಾನು ಕಂಡ ಗಿಡವನ್ನು ತಾನೇ ಮಾದರಿ ಮಾಡಬೇಕು, ಅದನ್ನು ಒನೆರೊವಾದ ಹೆಂಗಸರು ಕುಳಿತು ಹೊಲಿಯಬೇಕು. ಮುಂದೆ ಯಾವಾಗಲಾದರೂ ಒಂದು ಉದ್ದನೆಯ ಮೇಜಿರುವ ಕೋಣೆ ಮಾಡಿ, ಶಾಲೆ ಮುಗಿಸಿದ ಹುಡುಗಿಯರನ್ನು ಕೂರಿಸಿಕೊಂಡು ಕತ್ತರಿ ಹಿಡಿಯಲು ಕಲಿಸಬೇಕು. ಇನ್ನೂ ಒಂದು ಆಸೆಯನ್ನು ನಾಚಿಕೊಂಡು ಹೇಳಿದಳು. "ಯಾರಾದ್ರೂ ಒಬ್ರು, ಇದು ನನ್ನದು ಅಂತ ಗೊತ್ತಿಲ್ದೇನೇ, ಆ ಮಾದರಿ ನಮಗೂ ಕೊಡಿ ಅಂತ ಕೇಳ್ಬೇಕು. ನನ್ನ ಮುಖ ನೋಡ್ಕೊಂಡು ಚೆನ್ನಾಗಿದೆ ಅನ್ನೋರು ತುಂಬ ಜನ ಇದಾರೆ."

ಆ ಆಸೆಯ ಪರೀಕ್ಷೆ ಇವತ್ತೇ. ಇವತ್ತು ಶನಿವಾರ, ಪುಟ್ಟ ಪಾವುರೊನ ಕೂದಲು ಕತ್ತರಿಸುವ ಹಬ್ಬ. ಹುಟ್ಟಿದಾಗಿನಿಂದ ಬೆಳೆಸಿದ ಜಡೆಯನ್ನು ನಮ್ಮಲ್ಲಿ ಹೀಗೆ ಊರೆಲ್ಲ ಸೇರಿ ಕತ್ತರಿಸುತ್ತೇವೆ. ಹುಡುಗನನ್ನು ತಿವೈವೈ ಹೊದಿಸಿದ ಕುರ್ಚಿಯ ಮೇಲೆ ಕೂರಿಸಿ, ಕೂದಲನ್ನು ಸಣ್ಣಸಣ್ಣ ಕುಚ್ಚಾಗಿ ರಿಬ್ಬನ್ ಕಟ್ಟಿ, ಬಂದವರೆಲ್ಲ ಒಂದೊಂದು ಕುಚ್ಚು ಕತ್ತರಿಸಿ ಉಡುಗೊರೆ ಕೊಡುತ್ತಾರೆ. ಆ ಕುರ್ಚಿಯ ಹೊದಿಕೆಯ ಮಾದರಿ ಅಕೈತಿಯದು, ಮೊದಲನೆಯದು.

ಅದು ಸುಲಭವಾಗಿ ಆದ ಹೊದಿಕೆಯಲ್ಲ. ಮುಟ್ಟಿದರೆ ಮುನಿಯ ಮಾದರಿ ಎಂದಾಗ ಹುಡುಗನ ಅಜ್ಜಿ ಉಪೊಕೊ ಹುಬ್ಬು ಗಂಟಿಕ್ಕಿದಳು. ಹೊಲಿಗೆಯ ಹೆಂಗಸರಿಗೆಲ್ಲ ಹಿರಿಯಳು ಅವಳೇ. "ದಾಸವಾಳ ಇಲ್ವಾ, ದೀವಿಹಲಸಿನೆಲೆ ಇಲ್ವಾ? ಮೊಮ್ಮಗನ ಕುರ್ಚಿಗೆ ಕಳೆ ಹೊದಿಸ್ಬೇಕಾ?" ಎಂದಳು. ಅಕೈತಿ ಹೇಳಿದ್ದು ಇಷ್ಟೇ: "ಅಜ್ಜಿ, ಪಾವುರೊನ ತಲೆ ಯಾರಾದ್ರೂ ಮುಟ್ಟಿದ್ರೆ ಏನ್ಮಾಡ್ತಾನೆ?" ಹುಡುಗ ಹೆಗಲನ್ನು ಕಿವಿಯವರೆಗೆ ಎತ್ತಿ, ಕಣ್ಣು ಮುಚ್ಚಿ, ಮುದುರಿಕೊಳ್ಳುತ್ತಾನೆ. ಅದು ಹಳ್ಳಿಗೆಲ್ಲ ಗೊತ್ತು. ಹೆಂಗಸರು ನಕ್ಕರು. ಉಪೊಕೊ ಸೋತಳು.

ಗುಲಾಬಿ ಬಣ್ಣದ ಬಟ್ಟೆಯನ್ನು ಹುಡುಗನ ಅತ್ತೆ ಆಕ್ಲೆಂಡಿನಿಂದ ತಂದಿದ್ದಳು. ಅಷ್ಟೇ ಇದ್ದದ್ದು, ಅಂಥದ್ದು ಇಲ್ಲಿ ಸಿಗುವುದಿಲ್ಲ. ಕತ್ತರಿಸುವ ದಿನ ನನ್ನನ್ನೂ ಕರೆಸಿ ಪ್ರಾರ್ಥನೆ ಮಾಡಿಸಿದರು. ಬಟ್ಟೆ ಮಡಚಿ, ಹೆಂಗಸರೆಲ್ಲ ಚಾಪೆಯ ಸುತ್ತ ಕುಳಿತರು. ಈ ಕೆಲಸದಲ್ಲಿ ಒಂದೇ ನಿಯಮ. ಮಡಿಕೆಯ ಅಂಚು ಅಂಗೈಯಲ್ಲಿ ಭದ್ರವಾಗಿರಬೇಕು, ಕತ್ತರಿಯು ಬಟ್ಟೆಯ ಬಿಚ್ಚಿದ ಅಂಚಿನಿಂದ ಒಳಗೆ ಹೋಗಬೇಕು. ಮಡಿಕೆಯನ್ನೇ ಕತ್ತರಿಸಿದರೆ ಎಲೆಗೂ ಎಲೆಗೂ ನಂಟು ಇರುವುದಿಲ್ಲ. "ಮಡಿಕೆ ಎಡಗೈಲಿ ಹಿಡ್ಕೋ ಮಗಾ" ಎಂದು ಉಪೊಕೊ ಅಭ್ಯಾಸಬಲದಿಂದ ಹೇಳಿದಳು. ಅಕೈತಿ ಎಡಚಿ, ಅವಳಿಗೆ ಮಡಿಕೆ ಬಲಗೈಯಲ್ಲಿರಬೇಕು. ಬಲಗೈಯಲ್ಲಿ ಸರಿಯಾಗಿಯೇ ಹಿಡಿದಿದ್ದವಳು, ಹಿರಿಯಳ ಮಾತಿಗೆ ಎದುರಾಡಬಾರದೆಂದು ಮಡಿಕೆಯನ್ನು ಎಡಕ್ಕೆ ತಿರುಗಿಸಿದಳು. ಕತ್ತರಿ ಇದ್ದದ್ದೂ ಎಡಗೈಯಲ್ಲೇ, ಅದು ಮಡಿಕೆಯನ್ನೇ ಕತ್ತರಿಸಿಕೊಂಡು ಹೋಯಿತು.

ಬಿಚ್ಚಿದಾಗ ನಡುವಿನ ಹೂವು ಉದುರಿ ಚಾಪೆಯ ಮೇಲೆ ಬಿತ್ತು. ಎಲೆಗಳೆಲ್ಲ ಬೇರೆಬೇರೆಯಾದವು. ಅಕೈತಿ ಕತ್ತರಿಯನ್ನು ನನ್ನ ಮುಂದೆ ತಂದಿಟ್ಟು, "ತಾತ, ಇದನ್ನ ತಗೊಂಡ್ಬಿಡಿ" ಎಂದಳು. ನಾನು ತೆಗೆದುಕೊಳ್ಳಲಿಲ್ಲ. ಹಾಗೇ ಬಿಟ್ಟೆ, ಅವಳೂ ಕುಳಿತೇ ಇದ್ದಳು.

ಆಮೇಲೆ ಅವಳೇ ಎದ್ದು ಬಿಳಿಯ ಬಟ್ಟೆ ಹರಡಿದಳು. ಉದುರಿದ ಎಲೆಗಳನ್ನು ಒಂದೊಂದಾಗಿ ಸುತ್ತಲೂ ಇಡತೊಡಗಿದಳು, ಅಂಚಿನಲ್ಲಿ ಪೂರ್ತಿ ಬಿಚ್ಚಿಕೊಂಡವು, ಒಳಗೆ ಬಂದಂತೆ ಅರ್ಧ ಮುಚ್ಚಿದವು, ತುದಿಗಳನ್ನು ಕತ್ತರಿಯಿಂದ ತಿದ್ದುತ್ತಾ. ನಡುವೆ ಏನಿಡಬೇಕೋ ತಿಳಿಯದೆ ನಿಂತಳು. ಉದುರಿದ ಹೂವು ಅಲ್ಲಿಗೆ ತೀರ ಪುಟ್ಟದಾಗಿತ್ತು.

ಉಪೊಕೊ ಕನ್ನಡಕ ಏರಿಸಿ ನೋಡಿದಳು. "ನಡುವೆ ಖಾಲಿ ಇರ್ಲಿ ಬಿಡು" ಎಂದಳು. "ಅಲ್ಲಿ ಏನ್ ಹೊಲಿದ್ರೂ ನನ್ನ ಮೊಮ್ಮಗ ಅದರ ಮೇಲೇ ತಾನೇ ಕೂರೋದು? ಅವನ ಕುಂಡಿಗೆ ಹೂವು ಯಾಕೆ?" ಹೆಂಗಸರು ಚಾಪೆಯ ಮೇಲೆ ಬಿದ್ದು ನಕ್ಕರು. ನಗು ನಿಂತ ಮೇಲೆ ಅವಳು ಸೂಜಿಗೆ ದಾರ ಪೋಣಿಸುತ್ತಾ ಮೆಲ್ಲಗೆ ಸೇರಿಸಿದಳು: "ಬಾಯಿ ಹಾಕಿದ್ದು ನಾನೇ. ಮೊದಲ ಎಲೆ ನಾನು ಹೊಲೀತೀನಿ."

ಹೊಲಿದರು. ಆದರೂ ಅಕೈತಿಗೆ ಭಯ ಹೋಗಿಲ್ಲ. ಇವತ್ತಿನ ವಿಮಾನದಲ್ಲಿ ಮಾವುಕೆ ದ್ವೀಪದಿಂದ ನೂವಾಯಿ ಅಜ್ಜಿ ಬರುತ್ತಾಳೆ. ಹುಡುಗನಿಗೆ ದೊಡ್ಡಜ್ಜಿಯಾಗಬೇಕು. ಹೊದಿಕೆಯನ್ನು ಮೊದಲು ಮಗುಚಿ ಹಿಂಬದಿಯ ಹೊಲಿಗೆ ನೋಡುವವಳು, ಮದುವೆಮನೆಯಲ್ಲೇ ಮದುಮಗಳ ಹೊದಿಕೆ ಸರಿಯಿಲ್ಲ ಎಂದವಳು. ಅವಳು ಒಂದು ಮಾತು ಆಡಿದರೆ ಎಲ್ಲ ದ್ವೀಪಗಳಿಗೂ ಹರಡುತ್ತದೆ. "ಅವರೇನಾದ್ರೂ ನಕ್ರೆ ಇನ್ನೊಂದ್ಸಲ ಯಾರೂ ನನ್ನ ಕೈಗೆ ಬಟ್ಟೆ ಕೊಡಲ್ಲ ತಾತ. ಮೇಕೆ ಅಟ್ಕೊಂಡೇ ಇರ್ತೀನಿ" ಎಂದು ಬುಟ್ಟಿ ಎತ್ತಿಕೊಳ್ಳುತ್ತಾಳೆ.

ವಿಮಾನ ಇಳಿಯುತ್ತದೆ. ಓಡುದಾರಿಯ ಮೇಲೆ ಒಂದು ಮೇಕೆಯೂ ಇಲ್ಲ.

ಮಧ್ಯಾಹ್ನ ಉಪೊಕೊಳ ಅಂಗಳದಲ್ಲಿ ಜನ ತುಂಬಿದ್ದಾರೆ. ಒಲೆಗುಂಡಿಯಿಂದ ಕೆಸುವಿನ ಗೆಡ್ಡೆ, ಹಂದಿಮಾಂಸ, ತೆಂಗಿನ ಹಾಲಿನಲ್ಲಿ ಬೆಂದ ಕೆಸುವಿನೆಲೆ ಹೊರಬರುತ್ತಿವೆ. ಪಾದ್ರಿಗಳ ಪ್ರಾರ್ಥನೆ ಮುಗಿದಿದೆ. ಪಾವುರೊ ಕುರ್ಚಿಯ ಮೇಲೆ ಮುದುರಿ ಕುಳಿತಿದ್ದಾನೆ. ಸುತ್ತ ಗುಲಾಬಿ ಎಲೆಗಳು, ಹತ್ತಿರದವು ಅವನಂತೆಯೇ ಮುಚ್ಚಿಕೊಂಡು, ದೂರದವು ಬಿಚ್ಚಿಕೊಂಡು. ಮೊದಲ ಕುಚ್ಚು ಕತ್ತರಿಸಲು ಬಂದ ಮಾವನಿಗೆ, "ಕಿವಿ ಬಿಟ್ಟು ಕತ್ತರಿಸು" ಎಂದು ಹೇಳುತ್ತಾನೆ. ಅಂಗಳವೆಲ್ಲ ನಗುತ್ತದೆ. ಒಂದೊಂದು ಕುಚ್ಚು ಹೋದಂತೆ ಅವನ ಹೆಗಲು ಕೆಳಗಿಳಿಯುತ್ತದೆ. ಕೊನೆಗೆ ತಲೆ ತಡವಿಕೊಂಡು, "ತಣ್ಣಗಿದೆ" ಎಂದು ಜಿಗಿದು ಓಡುತ್ತಾನೆ.

ಕುರ್ಚಿ ಖಾಲಿಯಾದ ಕೂಡಲೇ ನೂವಾಯಿ ಅಜ್ಜಿ ಕೋಲೂರಿ ಎದ್ದು ಬರುತ್ತಾಳೆ. ಹೊದಿಕೆ ಮಗುಚಿ ಹೊಲಿಗೆ ನೋಡುತ್ತಾಳೆ. ಮತ್ತೆ ತಿರುಗಿಸಿ, ನಡುವಿನ ಬಿಳಿಯ ಜಾಗದ ಮೇಲೆ ಅಂಗೈ ಇಡುತ್ತಾಳೆ. ಅಲ್ಲಿ ಹುಡುಗ ಕುಳಿತ ಬಿಸಿ ಇನ್ನೂ ಇರಬೇಕು. ಪಾತ್ರೆ ತೊಳೆಯುತ್ತಿದ್ದ ಅಕೈತಿಯ ಕೈ ನಿಲ್ಲುತ್ತದೆ.

"ಇದು ನಮ್ಮ ಮಾವುಕೆದು" ಎನ್ನುತ್ತಾಳೆ ಅಜ್ಜಿ. "ನಮ್ಮಮ್ಮ ಇಂಥದ್ದೇ ಒಂದು ಕತ್ತರಿಸಿದ್ಲು. ನಡುವೆ ಮಗೂಗೆ ಅಂತ ಜಾಗ ಬಿಡೋದು, ಈಗ ಯಾರಿಗೆ ಬರುತ್ತೆ? ಹಳೇ ಕೈ ಇದು. ಎಲ್ಲಿಂದ ಕದ್ರೇ ನೀವು?"

ಉಪೊಕೊ ಬಾಯಿ ತೆರೆಯುತ್ತಾಳೆ. ಅಕೈತಿ ಒದ್ದೆ ಕೈಯಲ್ಲೇ ಅವಳ ತೋಳು ಹಿಡಿಯುತ್ತಾಳೆ. "ಇರಬಹುದು ಅಜ್ಜಿ" ಎನ್ನುತ್ತಾಳೆ.

"ಇರಬಹುದಲ್ಲ, ಹೌದು. ಅಮ್ಮನದು ಅಮ್ಮನ ಜೊತೆನೇ ಹೋಯ್ತು. ಮುಂದಿನ ವರ್ಷ ನಮ್ಮಲ್ಲೂ ಒಬ್ಬ ಹುಡುಗನ ಕೂದಲು ತೆಗೀಬೇಕು. ನಂಗೂ ಈ ಮಾದರಿ ಬೇಕಲ್ಲ, ಯಾರಿಗೆ ಹೇಳ್ಲಿ?"

ಉಪೊಕೊ ಗಂಟಲು ಸರಿಮಾಡಿಕೊಂಡು, "ಈ ಮೇಕೆ ಅಟ್ಟೋಳಿಗೆ ಹೇಳಿ. ಖಾಲಿ ಕೂತಿದಾಳೆ" ಎನ್ನುತ್ತಾಳೆ.

ಅಕೈತಿ ಹಿತ್ತಲಿಗೆ ಹೋಗಿ ಅಗಲವಾದ ಬಾಳೆ ಎಲೆಯೊಂದನ್ನು ಒಲೆಗುಂಡಿಯ ಬಿಸಿಯಲ್ಲಿ ಬಾಡಿಸಿ ತರುತ್ತಾಳೆ. ಮಡಚಿ, ಮಡಿಕೆಯನ್ನು ಬಲಗೈಯಲ್ಲಿ ಹಿಡಿಯುತ್ತಾಳೆ. ಯಾರೂ ಏನೂ ಹೇಳುವುದಿಲ್ಲ. ನನ್ನ ಮನೆಯ ಕತ್ತರಿ ಎಡಗೈಯಲ್ಲಿ ಸರಸರನೆ ಓಡುತ್ತದೆ. ಎಲೆ ಬಿಚ್ಚಿ, ಎರಡೂ ಕೈಯಲ್ಲಿ ಹಿಡಿದು ನೂವಾಯಿ ಅಜ್ಜಿಯ ಮಡಿಲಿನಲ್ಲಿ ಇಡುತ್ತಾಳೆ.

"ಮೇಕೆಗೆ ಮಾತ್ರ ಸಿಗದ ಹಾಗೆ ನೋಡ್ಕೊಳ್ಳಿ ಅಜ್ಜಿ" ಎನ್ನುತ್ತಾಳೆ.